ಅಂಗೈಯಗಲದ ನೆಲ

ಕಾರಿನ ಆಟಗಳಲ್ಲಿ ಕಾರು ಇರುತ್ತದೆ, ರಸ್ತೆ ಇರುತ್ತದೆ, ನೆಲವೊಂದು ಮಾತ್ರ ಇರುವುದಿಲ್ಲ ಎಂದು ನೀಲಾಂಬಿಕಾ ಬಹಳ ದಿನಗಳಿಂದ ಹೇಳುತ್ತ ಬಂದಿದ್ದಳು. ಪರದೆಯ ಮೇಲಿನ ಕಾರು ತಿರುವಿಗೆ ಬಂದಾಗ ಒಂದೋ ಅಂಟಿಸಿಟ್ಟ ಹಾಗೆ ರಸ್ತೆಯನ್ನು ಕಚ್ಚಿಕೊಂಡು ಹೋಗುತ್ತದೆ, ಇಲ್ಲವೇ ಸಾಬೂನಿನ ನೀರಿನ ಮೇಲೆ ಕಾಲಿಟ್ಟಂತೆ ಒಮ್ಮೆಲೇ ಜಾರಿ ಗಿರಕಿ ಹೊಡೆಯುತ್ತದೆ. ನಿಜವಾದ ಟೈರು ಹಾಗಲ್ಲ. ಅದು ನೆಲವನ್ನು ಮುಟ್ಟುವುದೇ ಅಂಗೈಯಗಲದ ಜಾಗದಲ್ಲಿ. ತಿರುವಿನಲ್ಲಿ ಆ ಅಂಗೈಯಗಲದ ಮುಂದಿನ ಭಾಗ ನೆಲವನ್ನು ಹಿಡಿದುಕೊಂಡಿರುವಾಗಲೇ ಹಿಂದಿನ ಭಾಗ ಮೆಲ್ಲಗೆ ಜಾರತೊಡಗಿರುತ್ತದೆ. ರಬ್ಬರು ಎಳೆದುಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹಿಡಿತವೂ ಜಾರುವಿಕೆಯೂ ಒಟ್ಟಿಗೇ ಇರುವ ಆ ಸಣ್ಣ ಜಾಗವನ್ನು ಲೆಕ್ಕದಲ್ಲಿ ಹಿಡಿದಿಡುವುದು ಅವಳ ಕೆಲಸವಾಗಿತ್ತು. ಎಷ್ಟೋ ಸಲ ಊಟಕ್ಕೆ ಕೂತಾಗ ಅವಳ ಬಲಗೈ ತಾನಾಗಿಯೇ ತಟ್ಟೆಯ ಪಕ್ಕದ ನೆಲದ ಮೇಲೆ ಊರಿ, ಜಾರುವ ಅಂಚಿಗೆ ಬಂದು ನಿಲ್ಲುತ್ತಿತ್ತು.

ಹುಬ್ಬಳ್ಳಿಯ ಅಂಚಿನಲ್ಲಿ, ಹತ್ತಿ ಹಿಂಜುವುದು ನಿಂತುಹೋದ ಹಳೆಯ ಜಿನ್ನಿಂಗ್ ಮಿಲ್ಲೊಂದರ ಮೇಲಂತಸ್ತಿನಲ್ಲಿ ಅವರ ಆಟದ ಕಂಪನಿ ಇತ್ತು. ಕಿಟಕಿಯ ಬಿಸಿಲಿನಲ್ಲಿ ಈಗಲೂ ಒಮ್ಮೊಮ್ಮೆ ಹತ್ತಿಯ ಎಳೆಗಳು ತೇಲಿ ಬರುತ್ತಿದ್ದವು. ಎಲ್ಲಿಂದ ಬರುತ್ತವೆ ಎಂದು ಯಾರಿಗೂ ತಿಳಿದಿರಲಿಲ್ಲ. ಕಂಪನಿಯ ಒಡೆಯ ಪ್ರಹ್ಲಾದ ಜಾಲಿಹಾಳ ನೀಲಾಂಬಿಕಾಳಿಗಿಂತ ಒಂದಿಷ್ಟು ಚಿಕ್ಕವನು. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವಳ ಲೆಕ್ಕವನ್ನು ಆಡುವವರ ಮೈಗೆ ಮುಟ್ಟಿಸುವ ಆಸನವೊಂದನ್ನು ಮಾಡಿಸಿದವನೂ ಅವನೇ. ಆಡುವವರು ಕಿವಿಯ ಹಿಂದಿನ ಎಲುಬಿಗೆ ಎರಡು ಸಣ್ಣ ಬಿಲ್ಲೆಗಳನ್ನು ಅಂಟಿಸಿಕೊಂಡು, ಬೆನ್ನಿಗೆ ಅಗಲವಾದ ಪಟ್ಟಿಯೊಂದನ್ನು ಬಿಗಿದುಕೊಂಡು ಕೂರಬೇಕು. ಬಿಲ್ಲೆಗಳು ಕಿವಿಯೊಳಗಿನ ಸಮತೋಲನದ ಅಂಗಕ್ಕೆ ನಸುವಾದ ವಿದ್ಯುತ್ತನ್ನು ಕಳಿಸಿ ಮೈ ವಾಲಿದಂತೆ ಮಾಡುತ್ತವೆ. ಪಟ್ಟಿಯೊಳಗಿನ ನೂರಾರು ಮೊನೆಗಳು, ಟೈರುಗಳು ನೆಲದ ಮೇಲೆ ಪಡುವ ಪಾಡನ್ನೆಲ್ಲ ಚರ್ಮದ ಮೇಲೆ ಬರೆಯುತ್ತವೆ. ಟೈರು ಗಟ್ಟಿಯಾಗಿ ಹಿಡಿದಿದ್ದರೆ ಬೆನ್ನ ನಡುವೆ ಒತ್ತಿದಂತಾಗುತ್ತದೆ. ಜಾರುವ ಅಂಚಿಗೆ ಬಂದರೆ ಆ ಒತ್ತು ಜುಮುಜುಮು ಎನ್ನುತ್ತ ಪಕ್ಕೆಗೆ ಸರಿಯುತ್ತದೆ.

ಪರೀಕ್ಷೆಗೆಂದು ಊರಿನ ನಾನಾ ಬಗೆಯ ಜನ ಬಂದು ಕೂತು ಹೋಗುತ್ತಿದ್ದರು. ಆಡಿ ಎದ್ದವರು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು. ಮನೆಗೆ ಹೋಗಿ ಮಲಗಿದರೆ ಮಂಚ ನಿಧಾನವಾಗಿ ಎಡಕ್ಕೆ ತಿರುಗಿತು, ಆದರೆ ಹೆದರಿಕೆಯಾಗಲಿಲ್ಲ, ಯಾರೋ ಎತ್ತಿಕೊಂಡು ಹೋದಂತಿತ್ತು ಎಂದು ಕಾಲೇಜಿನ ಹುಡುಗಿಯೊಬ್ಬಳು ಹೇಳಿದಳು. ಔಷಧದ ಅಂಗಡಿಯವರೊಬ್ಬರು, ಮೊದಲ ಸ್ವಲ್ಪ ಹೊತ್ತು ಬೆನ್ನಿನಲ್ಲಿ ಏನೋ ಹರಿದಾಡುತ್ತದೆ, ಆಮೇಲೆ ಬೆನ್ನು ಮರೆತುಹೋಗಿ ಗಾಲಿಗಳೇ ತಮ್ಮ ಮೈಯಾಗುತ್ತವೆ ಎಂದರು. ಆ ಮಾತು ನೀಲಾಂಬಿಕಾಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದಕ್ಕೆ ಕಾರಣ ಅವಳ ಮನೆಯಲ್ಲಿತ್ತು.

ಅವಳ ಗಂಡ ರೇವಣಸಿದ್ಧ ಹೈಸ್ಕೂಲಿನಲ್ಲಿ ಆಟದ ಮಾಸ್ತರನಾಗಿದ್ದ. ಕಬಡ್ಡಿ ಕಲಿಸುವುದರಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿದ್ದ. ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಅವನ ಕಾಲುಗಳ ಅರಿವನ್ನು ತೆಗೆದುಕೊಂಡು ಹೋಗಿತ್ತು. ಶಕ್ತಿ ಹಾಗೆಯೇ ಇತ್ತು. ಆದರೆ ಸೊಂಟದ ಕೆಳಗೆ ಕಾಲುಗಳು ಎಲ್ಲಿವೆ, ಮಡಚಿವೆಯೋ ಚಾಚಿವೆಯೋ, ಪಾದದ ಕೆಳಗೆ ನೆಲವಿದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ನರಗಳು ಮತ್ತೆ ಚಿಗುರುವುದು ಕಷ್ಟ, ಕಣ್ಣಿನಿಂದ ನೋಡಿ ನಡೆಯುವುದನ್ನು ಕಲಿಯಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ಕಲಿತ. ಎರಡೂ ಕೈಯಲ್ಲಿ ಊರುಗೋಲು ಹಿಡಿದು, ತಲೆ ಬಗ್ಗಿಸಿ, ತನ್ನ ಪಾದಗಳನ್ನು ಬೇರೆ ಯಾರದೋ ಪಾದಗಳೆಂಬಂತೆ ನೋಡುತ್ತ ನಡೆಯುತ್ತಿದ್ದ. ಮನೆಗೆ ಬಂದವರ ಮುಖ ನೋಡಿ ಮಾತಾಡಬೇಕೆಂದರೆ ಮೊದಲು ಕೂರಬೇಕಾಗಿತ್ತು. ಕರೆಂಟು ಹೋದರೆ ಇದ್ದಲ್ಲೇ ಗೋಡೆಗೆ ಒರಗಿ ನಿಂತುಬಿಡುತ್ತಿದ್ದ. ಹೇಗನಿಸುತ್ತದೆ ಎಂದು ಅವಳು ಕೇಳಿದ್ದಳು. ಬಾವಿಯೊಳಗೆ ಇಳಿಬಿಟ್ಟ ಕೊಡದ ಹಾಗೆ, ನೀರು ಇನ್ನೂ ಮುಟ್ಟಿಲ್ಲದ ಕೊಡದ ಹಾಗೆ ಎಂದಿದ್ದ.

ಅವನ ಬೆನ್ನಿನ ಚರ್ಮಕ್ಕೆ ಏನೂ ಆಗಿರಲಿಲ್ಲ. ಒಂದು ರವಿವಾರ ನೀಲಾಂಬಿಕಾ ಅವನನ್ನು ಆಟೋದಲ್ಲಿ ಮಿಲ್ಲಿಗೆ ಕರೆತಂದು, ತಾನೇ ಪಟ್ಟಿ ಬಿಗಿದು ಆಸನದಲ್ಲಿ ಕೂರಿಸಿದಳು. ಅವನು ಜೀವಮಾನದಲ್ಲಿ ಕಾರು ನಡೆಸಿದವನಲ್ಲ. ವೇಗವನ್ನು ಕೈಯಲ್ಲೇ ಹಿಡಿಯುವ ಹಾಗೆ ಅವಳು ಸ್ಟಿಯರಿಂಗನ್ನು ಹೊಂದಿಸಿಕೊಟ್ಟಿದ್ದಳು. ಆಟದ ಬೆಟ್ಟದ ರಸ್ತೆಯಲ್ಲಿ ಅವನ ಕಾರು ಎತ್ತಿನ ಗಾಡಿಯಂತೆ ಹೊರಟಿತು. ಮೊದಲ ತಿರುವು ಕಳೆಯಿತು, ಎರಡನೆಯದು ಕಳೆಯಿತು. ಮುಂದೊಂದು ಕಡೆ ರಸ್ತೆಯ ಮೇಲೆ ಸಣ್ಣ ಮರಳು ಹರಡಿತ್ತು. ಅಲ್ಲಿ ಹಿಂದಿನ ಗಾಲಿಗಳು ತುಸು ಹೊರಳಿ ಮತ್ತೆ ಹಿಡಿದುಕೊಂಡಾಗ ರೇವಣಸಿದ್ಧ ಕಾರು ನಿಲ್ಲಿಸಿದ. ಅವನು ಬೆವತಿದ್ದ.

“ನೀಲಾ, ಕೆಳಗ ಮರಳೈತಿ,” ಎಂದ.

ಪರದೆಯಲ್ಲಿ ಕಂಡಿತೇನು ಎಂದು ಅವಳು ಕೇಳಿದಳು.

“ನೋಡಿದ್ದಲ್ಲ. ಕಾಲಾಗ ಗೊತ್ತಾತು.”

ಅವಳು ಅವನ ಹಿಂದೆಯೇ ನಿಂತಿದ್ದಳು. ಗಾಲಿಯ ಕೆಳಗಿನ ಮರಳನ್ನು ತಾನೇ ಲೆಕ್ಕದಲ್ಲಿ ಹರಡಿದ್ದಳು. ಒಂದೊಂದು ಕಣದ ಉರುಳುವಿಕೆಗೂ ಸಮೀಕರಣ ಬರೆದಿದ್ದಳು. ಆದರೂ ಆ ಮರಳು ಆವರೆಗೆ ಎಲ್ಲೂ ಇರಲಿಲ್ಲ, ಈಗ ತಾನೇ ಬಂದು ಬಿದ್ದಿತು ಅನಿಸಿತು. ಆ ಸಂಜೆ ಮೆಟ್ಟಿಲಿಳಿಯುವಾಗ ಅವನು ಪಾದಗಳನ್ನು ನೋಡದೆ, ಅವಳ ತೋಳು ಹಿಡಿದು, ಎದುರಿನ ಆಕಾಶವನ್ನು ನೋಡುತ್ತ ಇಳಿದ. ಆಟೋ ಹತ್ತುವ ಹೊತ್ತಿಗೆ ಆ ಅರಿವು ಆರಿಹೋಗಿತ್ತು.

ಅದನ್ನು ಉಳಿಸಿಕೊಳ್ಳುವ ದಾರಿ ಹುಡುಕುವುದರಲ್ಲಿ ಮುಂದಿನ ಕೆಲವು ತಿಂಗಳು ಹೋದವು. ಟೈರು ನೆಲವನ್ನು ಮುಟ್ಟುವ ಅಂಗೈಯಗಲದ ಜಾಗಕ್ಕೆ ಬರೆದ ಲೆಕ್ಕವನ್ನು ಪಾದಕ್ಕೂ ಬರೆಯಬಹುದಿತ್ತು. ಪಾದವೂ ಭಾರ ಹೊರುತ್ತದೆ, ಒತ್ತಿಕೊಳ್ಳುತ್ತದೆ, ಜಾರುತ್ತದೆ. ಅವಳು ಬೆಲ್ಟಿರುವ ಚಪ್ಪಲಿಯ ಅಟ್ಟೆಯೊಳಗೆ ಒತ್ತಡವನ್ನೂ ಎಳೆತವನ್ನೂ ಅಳೆಯುವ ತೆಳು ಹಾಳೆಗಳನ್ನು ಹೊಲಿಸಿದಳು. ಆ ಅಳತೆಗಳು ಗಾಳಿಯಲ್ಲಿ ಹಾಯ್ದು ಮಿಲ್ಲಿನ ಮೂಲೆಯಲ್ಲಿದ್ದ ಯಂತ್ರಕ್ಕೆ ಹೋಗುತ್ತಿದ್ದವು. ಯಂತ್ರ ಲೆಕ್ಕ ಮಾಡಿ, ಕಣ್ಣು ಮಿಟುಕಿಸುವುದರೊಳಗೆ ಅವನ ಬೆನ್ನ ಪಟ್ಟಿಗೆ ಉತ್ತರ ಕಳಿಸುತ್ತಿತ್ತು. ಆ ಯಂತ್ರವನ್ನು ಇದೊಂದಕ್ಕೇ ಇಟ್ಟುಕೊಳ್ಳಲು ಜಾಲಿಹಾಳ ಒಪ್ಪಿಗೆ ಕೊಟ್ಟಿದ್ದ.

ಹೀಗೆ ರೇವಣಸಿದ್ಧ ಟೈರಿನ ಲೆಕ್ಕದ ಮೇಲೆ ನಡೆಯತೊಡಗಿದ. ಆ ನಡಿಗೆಯಲ್ಲಿ ಕಾರಿನ ಕೆಲವು ಗುಣಗಳು ಉಳಿದುಕೊಂಡಿದ್ದವು. ಬಾಗಿಲು ದಾಟಿ ತಿರುಗುವ ಮೊದಲು ಅವನು ವೇಗ ತಗ್ಗಿಸುತ್ತಿದ್ದ. ರಬ್ಬರು ತಣ್ಣಗಿರುವಾಗ ಹಿಡಿತ ಕಡಿಮೆ ಎಂಬ ಸಾಲನ್ನು ಲೆಕ್ಕದಿಂದ ತೆಗೆಯಲು ನೀಲಾಂಬಿಕಾ ಮರೆತಿದ್ದಳು. ಹಾಗಾಗಿ ಬೆಳಿಗ್ಗೆ ಎದ್ದಾಗ ನೆಲ ಅವನಿಗೆ ಹಗುರವಾಗಿ, ದೂರವಾಗಿ ತೋರುತ್ತಿತ್ತು. ಅಂಗಳದಲ್ಲಿ ಒಂದಿಷ್ಟು ಸುತ್ತು ಹಾಕಿದ ಮೇಲೆ ಕ್ರಮೇಣ ಹತ್ತಿರ ಬರುತ್ತಿತ್ತು. ಅದನ್ನು ಸರಿಮಾಡುತ್ತೇನೆ ಎಂದಾಗ ಅವನು ಬೇಡವೆಂದ. ದಿನಾ ಮುಂಜಾನೆ ನೆಲ ಹೊಸದಾಗಿ ಬಂದು ಕೂಡುವುದನ್ನು ನೋಡಲು ಚೆನ್ನಾಗಿದೆ ಎಂದ.

ಆದರೆ ಈ ನೆಲ ಅವನನ್ನು ದಣಿಸುತ್ತಲೂ ಇತ್ತು. ಎಲ್ಲರ ಪಾದವೂ ಪ್ರತಿ ಹೆಜ್ಜೆಯಲ್ಲಿ ಕೂದಲೆಳೆಯಷ್ಟು ಜಾರುತ್ತದೆ. ನಾವು ಅದನ್ನು ಗಮನಿಸುವುದನ್ನು ಹುಟ್ಟಿದ ಕೆಲವೇ ವರ್ಷಗಳಲ್ಲಿ ಬಿಟ್ಟಿರುತ್ತೇವೆ. ರೇವಣಸಿದ್ಧನಿಗೆ ಆ ಒಂದೊಂದು ಜಾರುವಿಕೆಯೂ ಜುಮ್ಮೆಂದು ಪಕ್ಕೆಗೆ ಬಡಿಯುತ್ತಿತ್ತು. ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ನಿಂತು ಕಣ್ಣುಮುಚ್ಚಿ ಹಲ್ಲು ಕಚ್ಚುತ್ತಿದ್ದ. ಹೊರಗೆ ಹೋಗುವುದನ್ನು ಕಡಿಮೆ ಮಾಡಿದ. ಯಾವಾಗಲೂ ಏನೋ ಕಾಲ ಕೆಳಗಿನಿಂದ ಸರಿದುಹೋಗುತ್ತಿದೆ, ಇದಕ್ಕಿಂತ ಗೊತ್ತಿಲ್ಲದಿದ್ದದ್ದೇ ವಾಸಿಯಿತ್ತೇನೋ ಎಂದು ಒಂದು ದಿನ ಹೇಳಿ, ಚಪ್ಪಲಿಗಳನ್ನು ಕಳಚಿ ಬಾಗಿಲ ಹಿಂದೆ ಇಟ್ಟ.

ಅದೇ ವಾರ ಮಿಲ್ಲಿನಲ್ಲೂ ಅದೇ ಮಾತು ಬಂತು. ಆಟ ಬಹಳ ಕಠಿಣವಾಯಿತು, ಜನ ಮೊದಲ ಬೆಟ್ಟದಲ್ಲೇ ಸೋತು ಎದ್ದುಹೋಗುತ್ತಿದ್ದಾರೆ ಎಂದು ಜಾಲಿಹಾಳ ಬೇಸರಪಟ್ಟುಕೊಂಡ. ನಿಜವಾದ ಹಿಡಿತಕ್ಕಿಂತ ಒಂದಿಷ್ಟು ಹೆಚ್ಚು ಕೊಟ್ಟು, ಜಾರುವ ಅಂಚನ್ನು ದೂರ ತಳ್ಳಬೇಕು ಎಂದ. ಅದಕ್ಕೆಂದು ಲೆಕ್ಕದಲ್ಲಿ ಹೊಸ ಅಂಕಿಯೊಂದನ್ನು ಸೇರಿಸಬೇಕಾಯಿತು. ಕಂಪನಿಯ ಹುಡುಗರು ಅದಕ್ಕೆ ತಮಾಷೆಗೆ ‘ಕೃಪೆ’ ಎಂದು ಹೆಸರಿಟ್ಟರು. ಕೃಪೆಯನ್ನು ಏರಿಸಿದಷ್ಟೂ ನೆಲ ಗಟ್ಟಿಯಾಗುತ್ತಿತ್ತು. ಅದು ಸುಳ್ಳು ನೆಲ ಎಂದು ನೀಲಾಂಬಿಕಾ ವಾದಿಸಿದಳು.

“ಆಟದಾಗ ಬಿದ್ರ ಯಾರ ಕೈ ಮುರೀತೈತಿ, ಅಕ್ಕಾ?” ಎಂದ ಜಾಲಿಹಾಳ. “ಮಂದಿ ದಿನಾ ಖರೇ ನೆಲದ ಮ್ಯಾಲೇ ಅಡ್ಡಾಡ್ತಾರ. ಒಂದ್ ತಾಸು ಸುಳ್ಳಿನ ಮ್ಯಾಲೆ ಕೂತು ಆರಾಮ ಆಗ್ಲಿ ಬಿಡ್ರಿ.”

ಅವನು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅವಳು ಬರೆದುಕೊಟ್ಟಳು. ಮನೆಗೆ ಹೊರಡುವ ಮುಂಚೆ, ಬಾಗಿಲ ಹಿಂದಿನ ಚಪ್ಪಲಿಗಳು ಕಣ್ಣಿಗೆ ಕಟ್ಟಿದವು. ಮೂಲೆಯ ಯಂತ್ರದ ಮುಂದೆ ಕೂತು, ಗಂಡನ ನೆಲಕ್ಕೂ ಒಂದಿಷ್ಟು ಕೃಪೆ ಸೇರಿಸಿದಳು. ಅವನಿಗೆ ಕೃಪೆಯ ಮಾತು ಎತ್ತಲಿಲ್ಲ. ಲೆಕ್ಕದಲ್ಲಿ ಸಣ್ಣ ತಪ್ಪಿತ್ತು, ತಿದ್ದಿದ್ದೇನೆ, ಮತ್ತೊಮ್ಮೆ ಹಾಕಿ ನೋಡಿ ಎಂದಷ್ಟೇ ಹೇಳಿದಳು.

ಅವನು ಹಾಕಿಕೊಂಡು ಅಂಗಳಕ್ಕೆ ಇಳಿದ. ಅಲ್ಲೇ ನಿಂತು ನಕ್ಕ. ಆ ನಗುವಿಗಾಗಿ ಅವಳು ಮರುದಿನ ಇನ್ನಷ್ಟು ಸೇರಿಸಿದಳು, ಅದರ ಮರುವಾರ ಮತ್ತಷ್ಟು.

ಆಮೇಲಿನ ದಿನಗಳು ಕನಸಿನಂತೆ ಕಳೆದವು. ರೇವಣಸಿದ್ಧ ಊರುಗೋಲುಗಳನ್ನು ಬಿಟ್ಟ. ಕಾಯಿಪಲ್ಲೆ ತರಲು ಒಬ್ಬನೇ ಹೋದ. ಓಣಿಯವರೊಂದಿಗೆ ಮುಖ ನೋಡಿ, ನಿಂತು, ಕೈಬೀಸಿ ಮಾತಾಡಿದ. ನಡೆಯುವಾಗ ಅವನ ಎದೆ ಮುಂದಿರುತ್ತಿತ್ತು. ನೆಲ ತನ್ನನ್ನು ಎಂದೂ ಬಿಡುವುದಿಲ್ಲ ಎಂಬಂತೆ ಪಾದಗಳನ್ನು ಇಡುತ್ತಿದ್ದ. ಸಂಜೆ ಇಬ್ಬರೂ ಉಣಕಲ್ ಕೆರೆಯ ದಂಡೆಗೆ ಹೋದರೆ ಅವನೇ ಮುಂದೆ, ಅವಳು ಹಿಂದೆ. ಕೆರೆಯ ನೀರಿನ ಮೇಲೆ ಬೆಳಕು ತೇಲುತ್ತಿರುವಾಗ ಅವನ ಬೆನ್ನು ನೋಡುತ್ತ ನಡೆಯುವುದು ಅವಳಿಗೆ ಬಹಳ ಹಿತವಾಗಿತ್ತು. ತಾನು ಕೊಟ್ಟದ್ದನ್ನು ತಾನೇ ನಂಬುವಷ್ಟು ಹಿತವಾಗಿತ್ತು.

ಒಂದು ಮಧ್ಯಾಹ್ನ ಮಳೆ ಬಂದು ನಿಂತ ಮೇಲೆ ಅವನೊಬ್ಬನೇ ಕೆರೆಗೆ ಹೋದ. ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿತ್ತು. ಅವನ ಕಣ್ಣು ಅದನ್ನು ನೋಡಿತ್ತು, ಆದರೆ ನೆಲ ಗಟ್ಟಿಯಿದೆ ಎಂದು ಬೆನ್ನು ಹೇಳಿತು. ಅವನು ಬೆನ್ನನ್ನು ನಂಬಿದ. ಎರಡನೆಯ ಮೆಟ್ಟಿಲಿನಲ್ಲಿ ಕಾಲು ಹೋಯಿತು. ಬೆನ್ನು ನೆಲ ಇದೆ, ಇದೆ ಎನ್ನುತ್ತಿರುವಾಗಲೇ ಅವನು ನೀರಿನ ಅಂಚಿನವರೆಗೂ ಉರುಳಿದ. ಬಟ್ಟೆ ಒಗೆಯುತ್ತಿದ್ದವರು ಎತ್ತಿ ಆಸ್ಪತ್ರೆಗೆ ಸೇರಿಸಿದರು. ಬಲಗೈಯ ಮಣಿಕಟ್ಟು ಮುರಿದಿತ್ತು, ಹಣೆಗೆ ಹೊಲಿಗೆ ಬಿದ್ದಿತ್ತು.

ನೀಲಾಂಬಿಕಾ ಬಂದಾಗ ಅವನು ಎಚ್ಚರವಾಗಿದ್ದ. ತಾನು ಯಾಕೆ ಬಿದ್ದೆ ಎಂದು ತಿಳಿಯದೆ ಗೊಂದಲದಲ್ಲಿದ್ದ. ಜುಮ್ಮೆನ್ನಲೇ ಇಲ್ಲ, ಒಂದು ಸಲವೂ ಎನ್ನಲಿಲ್ಲ, ಪಟ್ಟಿ ಕೆಟ್ಟಿರಬಹುದು, ನೋಡು ಎಂದ. ಪಟ್ಟಿ ಕೆಟ್ಟಿದೆ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳು ಮಂಚದ ಅಂಚಿಗೆ ಕೂತು ಎಲ್ಲವನ್ನೂ ಹೇಳಿದಳು. ಕೃಪೆ ಎಂಬ ಹೆಸರನ್ನೂ ಹೇಳಿದಳು.

ಅವನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ.

“ನನ್ನ ಕಾಲ ಕೆಳಗಿನ ನೆಲಾನ ನೀ ಬದಲಿ ಮಾಡಿದಿ. ನನಗೊಂದ್ ಮಾತು ಹೇಳಬೇಕಿತ್ತು.”

“ನಿಮಗ ಹೆದರಿಕಿ ಆಗ್ತಿತ್ತಲ್ರೀ.”

“ಆ ಹೆದರಿಕಿನೂ ನಂದ ಇತ್ತಲ್ಲ, ನೀಲಾ.”

ಮನೆಗೆ ಬಂದ ಮೇಲೆ ಅವನು ಪಟ್ಟಿಯನ್ನೂ ಚಪ್ಪಲಿಯನ್ನೂ ಮುಟ್ಟಲಿಲ್ಲ. ಒಂದು ಕೈಗೆ ಪ್ಲಾಸ್ಟರು, ಇನ್ನೊಂದರಲ್ಲಿ ಊರುಗೋಲು. ತಲೆ ಬಗ್ಗಿಸಿ ಪಾದ ನೋಡುತ್ತ ಅಡುಗೆಮನೆಗೂ ಪಡಸಾಲೆಗೂ ನಡೆಯುತ್ತಿದ್ದ. ಅವಳ ಮೇಲೆ ಸಿಟ್ಟು ಮಾಡಲಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಅಷ್ಟರಲ್ಲಿ ಆಟ ಬಿಡುಗಡೆಯಾಯಿತು. ಕೃಪೆ ತುಂಬಿದ ಬೆಟ್ಟದ ರಸ್ತೆಗಳಲ್ಲಿ ಜನ ಮುಗಿಬಿದ್ದು ಕಾರು ಓಡಿಸಿದರು. ಇಷ್ಟು ನಿಜವಾದ ನೆಲವನ್ನು ಯಾವ ಆಟದಲ್ಲೂ ಕಂಡಿಲ್ಲ ಎಂದು ಬರೆದರು. ಮಿಲ್ಲಿನಲ್ಲಿ ಪೇಢೆ ಹಂಚಿದರು. ನೀಲಾಂಬಿಕಾ ತನ್ನ ಪಾಲಿನ ಪೇಢೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಸಂಜೆಯವರೆಗೂ ನೋಡುತ್ತ ಕೂತಳು.

ಪ್ಲಾಸ್ಟರು ತೆಗೆದ ಕೆಲವು ದಿನಗಳಿಗೆ, ಅವಳು ಕೆಲಸದಲ್ಲಿರುವಾಗ ಮಿಲ್ಲಿನ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿತು. ರೇವಣಸಿದ್ಧ ಒಬ್ಬನೇ ಆಟೋದಲ್ಲಿ ಬಂದಿದ್ದ. ಜಾಲಿಹಾಳ ಎದ್ದು ಕುರ್ಚಿ ಕೊಡಹೋದ. ಕುರ್ಚಿ ಬೇಡ, ಆಟದ ಆಸನದಲ್ಲೇ ಕೂರುತ್ತೇನೆ ಎಂದ. ಕೃಪೆಯನ್ನು ಪೂರ್ತಿ ತೆಗೆದುಬಿಡು ಎಂದು ಹೆಂಡತಿಗೆ ಹೇಳಿದ.

ಅವನು ಕಾರನ್ನು ಬೇಕೆಂದೇ ಜೋರಾಗಿ ತಿರುವಿಗೆ ನುಗ್ಗಿಸಿದ. ಕಾರು ಗಿರಕಿ ಹೊಡೆದು ಪೊದೆಗೆ ಬಿತ್ತು. ಮತ್ತೆ ನುಗ್ಗಿಸಿದ, ಮತ್ತೆ ಬಿತ್ತು. ಅವನಿಗೆ ರಸ್ತೆಯ ಕೊನೆ ಮುಟ್ಟುವ ಆಸೆ ಇದ್ದಂತೆ ತೋರಲಿಲ್ಲ. ಒಂದೇ ತಿರುವಿಗೆ ಮತ್ತೆ ಮತ್ತೆ ಬಂದು, ಜುಮುಜುಮು ಎಲ್ಲಿ ಶುರುವಾಗುತ್ತದೆ, ಎಷ್ಟು ದೂರ ಸರಿದರೂ ನೆಲ ಕೈಬಿಡುವುದಿಲ್ಲ, ಎಲ್ಲಿ ಬಿಟ್ಟುಬಿಡುತ್ತದೆ ಎಂದು ಬೆನ್ನಿನಿಂದ ಹುಡುಕುತ್ತಿದ್ದ. ಹೊತ್ತು ಇಳಿಯತೊಡಗಿತು. ಹುಡುಗರು ಕೆಲಸ ಬಿಟ್ಟು ಹಿಂದೆ ಬಂದು ನಿಂತರು. ಕೊನೆಗೊಮ್ಮೆ ಕಾರು ಆ ತಿರುವಿನಲ್ಲಿ ಉದ್ದಕ್ಕೂ ಜಾರುತ್ತ, ಜಾರುತ್ತಲೇ ಹಿಡಿದುಕೊಂಡು, ದೋಣಿ ಹೊರಳಿದಂತೆ ಹೊರಳಿ ಆಚೆ ಬಂತು. ಅವನು ಕಾರು ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತ.

“ನಾ ಹುಡುಗರಿಗೆ ಇದನ್ನ ಕಲಸ್ತಿದ್ದೆ,” ಎಂದ. “ಕಬಡ್ಡಿಯಾಗ ರೇಡಿಗೆ ಹೋದವ ಕಾಲು ಜಾರಸಬೇಕು, ಬೀಳಬಾರದು. ಜಾರೋದಂದ್ರ ಬೀಳೋದಲ್ಲ. ನನಗ ಅದ ಮರ್ತು ಹೋಗಿತ್ತು.”

ಚಪ್ಪಲಿಗೂ ಇದೇ ನೆಲ ಬೇಕು ಎಂದು ಕೇಳಿದ. ಕೃಪೆಯನ್ನು ಪೂರ್ತಿ ಅಳಿಸುವುದು ಬೇಡ, ದಣಿದ ದಿನ ಬೇಕಾಗಬಹುದು. ಆದರೆ ಅದನ್ನು ತಿರುಗಿಸುವ ಗುಂಡಿ ತನ್ನ ಸೊಂಟದಲ್ಲಿರಬೇಕು ಎಂದ. ಅವಳು ಪಟ್ಟಿಯ ಬದಿಗೆ ಬೆರಳ ತುದಿಯಷ್ಟು ಗುಂಡಿಯೊಂದನ್ನು ಕೂರಿಸಿ, ಮೂಲೆಯ ಯಂತ್ರದಲ್ಲಿ ಆ ಅಂಕಿಯ ಮೇಲೆ ತನ್ನ ಕೈ ಆಡದಂತೆ ಬೀಗ ಹಾಕಿದಳು. ಜಾಲಿಹಾಳ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಆಡುವವರಿಗೂ ಇಂಥದೊಂದು ಗುಂಡಿ ಕೊಟ್ಟರೆ ಹೇಗೆ ಎಂದು ಕೇಳಿದ. ಎಷ್ಟು ಜನ ಅದನ್ನು ಖರೇ ನೆಲದ ಕಡೆಗೆ ತಿರುಗಿಸಿಯಾರು ಎಂದು ತಾನೇ ಅನುಮಾನಿಸಿದ. ಮುಂದೆ ಆ ಗುಂಡಿ ಆಟದಲ್ಲಿ ಬಂತು. ತಿರುಗಿಸಿದವರು ಕೆಲವರೇ.

ರೇವಣಸಿದ್ಧ ಮತ್ತೆ ಮೊದಲಿನಿಂದ ಕಲಿತ. ಅಂಗಳದಲ್ಲಿ ನೀರು ಚೆಲ್ಲಿಕೊಂಡು ಅದರ ಮೇಲೆ ನಡೆದ. ಬೂದಿ ಹರಡಿಕೊಂಡು ನಡೆದ. ಹಲವು ಸಲ ಬಿದ್ದ. ಅವಳು ಓಡಿ ಹೋಗಲು ಎದ್ದು ಮತ್ತೆ ಕೂರುತ್ತಿದ್ದಳು. ಜುಮ್ಮೆನ್ನುವುದು ನಿಲ್ಲಲಿಲ್ಲ, ಆದರೆ ಅವನ ಹಲ್ಲು ಕಚ್ಚುವುದು ನಿಂತಿತು.

ಹೀಗೆಯೇ ಒಂದು ಸಂಜೆ, ಶಾಲೆಯ ಮೈದಾನದವರೆಗೆ ಹೋಗಿ ಬರುತ್ತೇನೆ ಎಂದು ಚಪ್ಪಲಿಯ ಬೆಲ್ಟು ಬಿಗಿಯುತ್ತಿದ್ದವನು ತಲೆಯೆತ್ತಿ ಅವಳನ್ನು ನೋಡಿದ.

“ಇಷ್ಟೆಲ್ಲಾ ಲೆಕ್ಕಾ ಮಾಡಿದಿ. ನನ್ನ ನೆಲ ಹ್ಯಾಂಗೈತಿ ಅಂತ ಒಂದ್ ಸಲನೂ ನೋಡಿಲ್ಲ ನೀನು.”

ಅದು ನಿಜವಾಗಿತ್ತು. ಮಿಲ್ಲಿನಿಂದ ತಂದಿದ್ದ ಇನ್ನೊಂದು ಪಟ್ಟಿ ಮನೆಯಲ್ಲಿತ್ತು. ಅವನ ಚಪ್ಪಲಿಯ ಉತ್ತರ ಇಬ್ಬರ ಪಟ್ಟಿಗೂ ಬರುವಂತೆ ಅವಳು ಹೊಂದಿಸಿಕೊಂಡಳು. ಅವನು ತಾನೇ ಅವಳ ಬೆನ್ನಿಗೆ ಅದನ್ನು ಬಿಗಿದು, ಸೀರೆಯ ಸೆರಗನ್ನು ಸರಿಮಾಡಿ, ಹೊರಟುಹೋದ. ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದಳು.

ಮೊದಲು ಬೆನ್ನ ಮೇಲೆ ಇರುವೆ ಹರಿದಂತಾಯಿತು. ಸ್ವಲ್ಪ ಹೊತ್ತಿಗೆ ಅದು ಬೆನ್ನಾಗಿ ಉಳಿಯಲಿಲ್ಲ. ಬಾಗಿಲ ಮುಂದಿನ ಫರಸಿ ಕಲ್ಲಿನ ನುಣುಪು ಬಂತು. ಓಣಿಯ ಜಲ್ಲಿಕಲ್ಲು ಪಾದದಡಿ ಒಂದಕ್ಕೊಂದು ಸರಿದು ಕೂತವು. ಅವನು ನಿಂತ. ಯಾರೋ ಮಾತಾಡಿಸಿರಬೇಕು, ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ತೂಗಿತು. ಆಮೇಲೆ ಡಾಂಬರು, ಹಗಲಿನ ಕಾವು ಕುಡಿದು ಮೆತ್ತಗಾದ ಡಾಂಬರು. ಪ್ರತಿ ಹೆಜ್ಜೆಯ ಕೊನೆಯಲ್ಲೂ ಕೂದಲೆಳೆಯಷ್ಟು ಜಾರುವಿಕೆ, ಅದರ ಬೆನ್ನಿಗೇ ಹಿಡಿತ. ಇಷ್ಟು ವರ್ಷ ಅಂಕಿಗಳಲ್ಲಿ ಕಂಡದ್ದು ಇದನ್ನೇ. ಅದು ಹೀಗೆ ಉಸಿರಾಡುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ.

ಮೈದಾನ ಬಂತು. ಹಿಂದಿನ ದಿನದ ಮಳೆಗೆ ನೆಂದು ಅರ್ಧ ಒಣಗಿದ ಕೆಂಪು ಮಣ್ಣು. ಅವನು ಅಲ್ಲಿ ಬಹಳ ಹೊತ್ತು ಸುಮ್ಮನೆ ನಿಂತ. ಆಮೇಲೆ ಬಲಗಾಲನ್ನು ಮುಂದಿಟ್ಟು ಬೇಕೆಂದೇ ಜಾರಿಸಿದ. ಜುಮುಜುಮು ಅವಳ ಪಕ್ಕೆಯವರೆಗೂ ಹರಿದು, ಅಂಚಿನಲ್ಲಿ ನಿಂತು, ಹಿಂದಿರುಗಿತು. ಎಡಗಾಲು. ಮತ್ತೆ ಬಲಗಾಲು. ಹೆಜ್ಜೆಗಳು ಒಂದನ್ನೊಂದು ಅಟ್ಟಿಸಿಕೊಂಡು ಬಂದವು, ಹತ್ತಿರವಾದವು, ಹಗುರಾದವು. ಅವನು ಓಡುತ್ತಿದ್ದ. ಅವಳು ಕಟ್ಟೆಯ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಒಮ್ಮೆಲೇ ಬೆನ್ನು ಖಾಲಿಯಾಯಿತು. ಒತ್ತಿಲ್ಲ, ಜುಮ್ಮಿಲ್ಲ, ಏನೂ ಇಲ್ಲ. ಪಟ್ಟಿ ಕೆಟ್ಟಿತೋ, ಅವನು ಬಿದ್ದನೋ.

ಮರುಗಳಿಗೆ ಎರಡೂ ಪಾದಗಳು ಒಟ್ಟಿಗೆ, ಭಾರವಾಗಿ, ಮಣ್ಣಿಗೆ ಬಂದು ಇಳಿದವು. ತುಸು ಜಾರಿದವು. ನೆಲ ಹಿಡಿದುಕೊಂಡಿತು.

ಅವನು ಜಿಗಿದಿದ್ದ. ಅವಳು ಕಣ್ಣು ತೆರೆಯಲಿಲ್ಲ. ಅವನು ಆಗಲೇ ಮತ್ತೆ ಓಡತೊಡಗಿದ್ದ.